ಮೊದಲು ಸೈಕಲ್ಲನ್ನು ಅಳೆಯಿರಿ

ಗುಡ್ಡದ ಸೈಕ್ಲಿಂಗ್ ಕಲಿಸುವ ತರಬೇತುದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ತರಬೇತುದಾರರೇ,

ವಿಜಯಪುರ, ಬಾಗಲಕೋಟೆ, ಗದಗದ ಕಡೆ ಹಳ್ಳಿಯ ಮಕ್ಕಳನ್ನು ಸೈಕಲ್ ಹತ್ತಿಸಿ ರಾಷ್ಟ್ರಮಟ್ಟದವರೆಗೆ ಕರೆದೊಯ್ಯುತ್ತಿರುವ ನಿಮಗೂ, ಬೆಂಗಳೂರಿನ ತುರಹಳ್ಳಿ, ಆವಲಹಳ್ಳಿಯ ಕಾಡುದಾರಿಗಳಲ್ಲಿ ರಜೆಯ ಬೆಳಗ್ಗೆ ಹೊಸಬರಿಗೆ ಮೌಂಟನ್ ಬೈಕಿಂಗ್ (ಎಂಟಿಬಿ) ಹೇಳಿಕೊಡುವ ನಿಮಗೂ ಸೇರಿಸಿಯೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಇದು ನೌಕರಿ, ಕೆಲವರಿಗೆ ಬರೀ ಪ್ರೀತಿ. ಆದರೆ ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಇಳಿಜಾರಿನ ತುದಿಯಲ್ಲಿ ಬ್ರೇಕ್ ಹಿಡಿದು ನಿಂತು ಕೆಳಗೆ ನೋಡುತ್ತಿರುವಾಗ, ಅವಳು ಮುಂದಿನ ವಾರ ಬರುತ್ತಾಳೋ ಇಲ್ಲವೋ ಎನ್ನುವುದು ನೀವು ಆಡುವ ಮಾತಿನ ಮೇಲೆಯೇ ನಿಂತಿರುತ್ತದೆ. ಅದಕ್ಕೇ ಈ ವಿಷಯವನ್ನು ಅಂಗಡಿಯವರಿಗಿಂತ, ತಂದೆತಾಯಿಗಿಂತ ಮೊದಲು ನಿಮ್ಮ ಮುಂದಿಡುತ್ತಿದ್ದೇನೆ.

ವಿಷಯ ಎತ್ತರದ್ದು. ನಾನು ಐದಡಿ ಒಂದಿಂಚಿನವಳು. ಬಂಡೆ, ಬೇರು, ಸಡಿಲ ಜಲ್ಲಿಯ ದಾರಿಗಳಲ್ಲಿ ಸೈಕಲ್ ಓಡಿಸುತ್ತೇನೆ, ನನ್ನಂತೆಯೇ ಗಿಡ್ಡಗಿರುವ ಹೆಣ್ಣುಮಕ್ಕಳು ಕಲಿಯುವಾಗ ಜೊತೆಗಿರುತ್ತೇನೆ. ಎತ್ತರದ ಬಗ್ಗೆ ಎರಡು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಒಂದು: "ಇವಳು ಗಿಡ್ಡ, ಇವಳಿಗೆ ಗುಡ್ಡ ಇಳಿಯೋದು ಆಗಲ್ಲ, ರೋಡ್ ಸೈಕ್ಲಿಂಗ್‌ಗೆ ಹಾಕಿ." ಇನ್ನೊಂದು: "ಎತ್ತರದಲ್ಲಿ ಏನಿದೆ? ಧೈರ್ಯ ಇದ್ದರೆ ಎಲ್ಲ ಆಗುತ್ತೆ." ಮೊದಲನೆಯದು ಕೆಡುಕಿನ ಮಾತೆಂದು ಎಲ್ಲರಿಗೂ ಗೊತ್ತು. ನನಗೆ ಎರಡನೆಯದರ ಮೇಲೇ ಹೆಚ್ಚು ತಕರಾರು. ಎತ್ತರದಲ್ಲಿ ತುಂಬಾ ಇದೆ. ಅದೇನೂ ಇಲ್ಲವೆಂದು ನಂಬಿದ ತರಬೇತುದಾರ ತನ್ನಳತೆಯದ್ದಲ್ಲದ ಸೈಕಲ್ ಮೇಲೆ ಒದ್ದಾಡುತ್ತಿರುವ ಮಗುವನ್ನು ನೋಡಿ ಅದಕ್ಕೆ ಪುಕ್ಕಲು ಸ್ವಭಾವ ಎಂದು ತೀರ್ಮಾನಿಸಿಬಿಡುತ್ತಾನೆ. ಮಗುವೂ ಅದನ್ನೇ ನಂಬುತ್ತದೆ.

ಗೆಲ್ಲುವವರು ಯಾರು ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. 2012ರ ಆಗಸ್ಟ್ 12ರಂದು ಲಂಡನ್ ಒಲಿಂಪಿಕ್ಸ್‌ನ ಪುರುಷರ ಕ್ರಾಸ್‌ಕಂಟ್ರಿ ಸ್ಪರ್ಧೆ ಎಸೆಕ್ಸ್‌ನ ಹ್ಯಾಡ್ಲಿ ಫಾರ್ಮ್‌ನಲ್ಲಿ ನಡೆಯಿತು. ಒಂದೂವರೆ ಗಂಟೆಯಷ್ಟು ಹೊತ್ತಿನ ಆ ಓಟದ ಕೊನೆಗೆ ಚೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್‌ನನ್ನು ಒಂದೇ ಸೆಕೆಂಡಿನಿಂದ ಹಿಂದಿಕ್ಕಿ ಚಿನ್ನ ಗೆದ್ದ. ಕುಲ್ಹಾವಿಯ ಎತ್ತರ ಸುಮಾರು 187 ಸೆಂ.ಮೀ., ಶುರ್ಟರ್‌ನದು ಸುಮಾರು 173. ನಾಲ್ಕು ವರ್ಷದ ನಂತರ ರಿಯೊದಲ್ಲಿ ಅವರೇ ಇಬ್ಬರು, ಅದೇ ಎರಡು ಪದಕ; ಈ ಸಲ ಚಿನ್ನ ಶುರ್ಟರ್‌ಗೆ, ಬೆಳ್ಳಿ ಕುಲ್ಹಾವಿಗೆ. ಆಮೇಲೆ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಇನ್ನೂ ಗಿಡ್ಡ, 170ರ ಆಸುಪಾಸು. ಇಳಿಜಾರಿನ ಓಟವಾದ ಡೌನ್‌ಹಿಲ್‌ಗೆ ಬಂದರೆ ದಕ್ಷಿಣ ಆಫ್ರಿಕಾದ ಗ್ರೆಗ್ ಮಿನಾರ್ ಇದ್ದಾನೆ, ಸುಮಾರು 190 ಸೆಂ.ಮೀ. ಎತ್ತರದವನು. ನಾಲ್ಕು ಸಲ ವಿಶ್ವಚಾಂಪಿಯನ್ ಆದ. ನಾಲ್ಕನೆಯದನ್ನು 2021ರಲ್ಲಿ, 39ರ ವಯಸ್ಸಿನಲ್ಲಿ ಗೆದ್ದ.

ಇಷ್ಟನ್ನು ಕೇಳಿ "ನೋಡಿ, ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದು ಮುಂದೆ ಹೋಗುವುದು ಸುಲಭ. ಆದರೆ ಅವರ ಕಾಲಡಿಯ ಸೈಕಲ್‌ಗಳನ್ನು ನೋಡಿ. ಲಂಡನ್ನಿನಲ್ಲಿ ಕುಲ್ಹಾವಿಯದು 29 ಇಂಚಿನ ಚಕ್ರ, ಶುರ್ಟರ್‌ನದು ಇಪ್ಪತ್ತೇಳೂವರೆ. ಆ ಹೊತ್ತಿಗೆ ದೊಡ್ಡ ಚಕ್ರವೇ ವೇಗವೆಂಬ ಗಾಳಿ ಜೋರಾಗಿತ್ತು. ಶುರ್ಟರ್ ಮಾತ್ರ 29 ತನ್ನ ಮೈಗೆ ದೊಡ್ಡದಾಯಿತೆಂದು ಮಧ್ಯದ ಅಳತೆಗೆ ಹೋದ. ಅದೇ ವರ್ಷದ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮ್ಯಾರಿಟ್ಸ್‌ಬರ್ಗ್‌ನಲ್ಲಿ ಆ ಚಕ್ರದ ಮೇಲೆ ವಿಶ್ವಕಪ್ ಓಟ ಗೆದ್ದೂ ತೋರಿಸಿದ. ಮುಂದೆ ಅವನೂ 29ಕ್ಕೇ ಬಂದನೆನ್ನುವುದು ನಿಜ. ಆದರೆ ಹೇಗೆ ಬಂದ? ಹ್ಯಾಂಡಲ್ ತನ್ನ ಎತ್ತರಕ್ಕೆ ಸರಿಯಾಗಿ ಕೆಳಗೆ ಕೂರುವಂತೆ, ಕೆಳಮುಖವಾಗಿ ತೀರಾ ಬಾಗಿದ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ಹಾಕಿಸಿಕೊಂಡು ಬಂದ. ಮಿನಾರ್‌ನ ಕಥೆ ಇದರ ಇನ್ನೊಂದು ತುದಿ. ಕಂಪನಿಯ ಅತಿ ದೊಡ್ಡ ಫ್ರೇಮೂ ಅವನಿಗೆ ಸಾಲದೆ, ಅವನಿಗಾಗಿ ಉದ್ದ ಹೆಚ್ಚಿಸಿದ ಫ್ರೇಮ್ ಮಾಡಬೇಕಾಯಿತು. 2017ರಲ್ಲಿ ಡೌನ್‌ಹಿಲ್‌ಗೆ 29 ಇಂಚಿನ ಚಕ್ರ ಬಂದಾಗ ಫೋರ್ಟ್ ವಿಲಿಯಂನ ವಿಶ್ವಕಪ್ ಓಟವನ್ನು ಅದರ ಮೇಲೆ ಗೆದ್ದವನೂ ಅವನೇ. ಇವರೆಲ್ಲ ಎತ್ತರವನ್ನು ಮರೆತು ಗೆದ್ದವರಲ್ಲ. ತಮ್ಮ ಎತ್ತರ ಎಷ್ಟೆಂಬುದನ್ನು ಮಿಲಿಮೀಟರ್‌ವರೆಗೆ ಲೆಕ್ಕಕ್ಕೆ ತೆಗೆದುಕೊಂಡು ಗೆದ್ದವರು, ಹಿಂದೆ ಮೆಕ್ಯಾನಿಕ್‌ಗಳ ಒಂದು ತಂಡವೇ ಇದ್ದವರು. ನಿಮ್ಮ ಹುಡುಗಿಯ ಹಿಂದೆ ಇರುವುದು ನೀವೊಬ್ಬರೇ.

ಈಗ ಇಳಿಜಾರಿಗೆ ಬರೋಣ. ಗಿಡ್ಡ ಸವಾರರಿಗೆ ನಿಜವಾದ ತೊಂದರೆ ಹುಟ್ಟುವ ಜಾಗ ಅದೇ.

ಹೊಸಬರು ಕಡಿದಾದ ಇಳಿಜಾರಿಗೆ ಬಂದ ಕೂಡಲೇ ನಮ್ಮಲ್ಲಿ ಎಲ್ಲರೂ ಕೂಗಿ ಹೇಳುವುದು ಒಂದೇ ಮಾತು: "ಹಿಂದೆ ಸರಿ, ಹಿಂದೆ ಸರಿ!" ಸೀಟಿನ ಹಿಂದಕ್ಕೆ ಸೊಂಟ ಹೋಗಲಿ, ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳದಿರಲಿ ಎಂಬುದು ಅದರ ಉದ್ದೇಶ. ಆರಡಿ ಎತ್ತರದವನಿಗೆ ಈ ಮಾತು ಹೇಗೋ ನಡೆದುಹೋಗುತ್ತದೆ. ಐದಡಿಯವಳಿಗೆ ನಡೆಯುವುದಿಲ್ಲ. ಯಾಕೆಂದು ಲೆಕ್ಕ ಹಾಕಿ ನೋಡಿ. ಮೌಂಟನ್ ಬೈಕಿನ ಬಿಬಿ, ಅಂದರೆ ಪೆಡಲುಗಳು ತಿರುಗುವ ಅಚ್ಚಿನ ಜಾಗ, ನೆಲದಿಂದ ಸುಮಾರು 32 ಸೆಂ.ಮೀ. ಮೇಲಿರುತ್ತದೆ; ಎರಡೂ ಪೆಡಲು ಸಮವಾಗಿಟ್ಟು ನಿಂತರೆ ಪಾದಗಳೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತವೆ. ಟಯರ್ ಸೇರಿ 29 ಇಂಚಿನ ಚಕ್ರದ ನೆತ್ತಿ ಸುಮಾರು 74 ಸೆಂ.ಮೀ. ತೊಡೆಸಂದಿಯಿಂದ ಹಿಮ್ಮಡಿಯವರೆಗೆ 87 ಸೆಂ.ಮೀ. ಕಾಲಿರುವ ಎತ್ತರದ ಸವಾರ ಪೆಡಲ ಮೇಲೆ ನೆಟ್ಟಗೆ ನಿಂತಾಗ ಅವನಿಗೂ ಹಿಂಚಕ್ರಕ್ಕೂ ನಡುವೆ 45 ಸೆಂ.ಮೀ. ಜಾಗ ಉಳಿಯುತ್ತದೆ. 70 ಸೆಂ.ಮೀ. ಕಾಲಿನವಳಿಗೆ ಉಳಿಯುವುದು 28. ಇದೂ ಮೊಣಕಾಲು ಬಗ್ಗಿಸದಾಗಿನ ಲೆಕ್ಕ. ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ಹಿಂದೆಯೂ ಸಸ್ಪೆನ್ಶನ್ ಇರುವ ಸೈಕಲ್ಲಾದರೆ ಗುಂಡಿಗೆ ಬಿದ್ದಾಗ ಚಕ್ರ ಮೇಲೆದ್ದು ಬರುವುದನ್ನೂ ಸೇರಿಸಿದರೆ, ಹಿಂದೆ ಸರಿಯಲು ಜಾಗವೇ ಇಲ್ಲ. ತಿರುಗುವ ಟಯರು ಮೈಗೆ ತಾಗುತ್ತದೆ. ಒಂದು ಸಲ ತಾಗಿದರೆ ಸಾಕು, ಆ ಹುಡುಗಿ ಮತ್ತೆಂದೂ ಇಳಿಜಾರಿನಲ್ಲಿ ಮೈ ಸಡಿಲ ಬಿಡುವುದಿಲ್ಲ.

ಇದಕ್ಕಿಂತ ಹೆಚ್ಚಿನ ಹಾನಿ ಕೈಯಲ್ಲಿ ಆಗುತ್ತದೆ. ಗಿಡ್ಡ ಮೈಯವಳು ಉದ್ದ ಸೈಕಲ್ ಮೇಲೆ ಹಿಂದೆ ಸರಿದರೆ ತೋಳು ಪೂರ್ತಿ ನೀಳವಾಗುತ್ತದೆ. ನೀಳವಾದ ತೋಳು ಹ್ಯಾಂಡಲ್ ತಿರುಗಿಸಲಾರದು, ಬಂಡೆಯ ಏಟನ್ನು ನುಂಗಲಾರದು. ಮುಂದಿನ ಚಕ್ರದ ಮೇಲೆ ಭಾರವೇ ಇಲ್ಲದೆ ಅದು ಸಡಿಲ ಮಣ್ಣಿನಲ್ಲಿ ಜಾರುತ್ತದೆ. ಚಕ್ರ ಸಣ್ಣ ಮೆಟ್ಟಿಲಿಳಿದಾಗ ಹ್ಯಾಂಡಲ್ ಕೆಳಕ್ಕೆ ಹೋಗುತ್ತದೆ; ಬಗ್ಗಿದ ಮೊಣಕೈ ಇದ್ದಿದ್ದರೆ ತೋಳು ಚಾಚಿಕೊಂಡು ಜೊತೆಗೆ ಹೋಗುತ್ತಿತ್ತು, ಈಗ ಇಡೀ ಮೈಯನ್ನೇ ಮುಂದಕ್ಕೆ ಎಳೆಯುತ್ತದೆ. ಯಾವ ಬೀಳುವಿಕೆಯನ್ನು ತಪ್ಪಿಸಲು "ಹಿಂದೆ ಸರಿ" ಎಂದಿರೋ ಆ ಬೀಳುವಿಕೆಯೇ ಆಗುತ್ತದೆ. ಮತ್ತೆ ನೀವು ಇನ್ನೂ ಜೋರಾಗಿ "ಹಿಂದೆ ಸರಿ" ಎನ್ನುತ್ತೀರಿ.

ಇಂಥ ಸವಾರರಿಗೆ "ಕೆಳಗಿಳಿ" ಎಂದು ಹೇಳಿ. ಭಾರವೆಲ್ಲ ಪಾದದ ಮೇಲಿರಲಿ, ಹಿಮ್ಮಡಿ ಕೆಳಗೆ ಒತ್ತಲಿ. ಎದೆ ಹ್ಯಾಂಡಲ್ ಕಡೆಗೆ ಬಾಗಲಿ, ಗಲ್ಲ ಸ್ಟೆಮ್‌ನ ಮೇಲೆ ಬರಲಿ, ಮೊಣಕೈ ಹೊರಕ್ಕೆ ತೆರೆದಿರಲಿ. ಸೊಂಟ ಹಿಂದೆ ಹೋಗುವುದು ಎದೆ ಬಾಗಿದ ಕಾರಣಕ್ಕೆ, ಅದರಷ್ಟಕ್ಕೆ ಅದು ಹೋಗಬೇಕಾಗಿಲ್ಲ. ಇದರಲ್ಲಿ ಗಿಡ್ಡವರಿಗೆ ಒಂದು ಅನುಕೂಲವೂ ಇದೆ, ಅದನ್ನು ಅವರಿಗೆ ಬಾಯಿಬಿಟ್ಟು ಹೇಳಬೇಕು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸೈಕಲ್ ಮುಂಚಕ್ರದ ಮೇಲೆ ಮಗುಚುವುದೋ ಇಲ್ಲವೋ ಎಂಬುದು ಎರಡು ಅಳತೆಗಳ ಮೇಲೆ ನಿಂತಿದೆ: ಸವಾರನೂ ಸೈಕಲ್ಲೂ ಸೇರಿದ ತೂಕದ ಕೇಂದ್ರ ನೆಲದಿಂದ ಎಷ್ಟು ಮೇಲಿದೆ, ಮುಂಚಕ್ರ ನೆಲ ಮುಟ್ಟುವ ಜಾಗದಿಂದ ಎಷ್ಟು ಹಿಂದಿದೆ. ಮೇಲಿದ್ದಷ್ಟೂ ಅಪಾಯ, ಹಿಂದಿದ್ದಷ್ಟೂ ಕ್ಷೇಮ. ಗಿಡ್ಡ ಸವಾರಳ ತೂಕ ಹುಟ್ಟಾ ಕೆಳಗಿದೆ. ಅವಳು ಅಷ್ಟೊಂದು ಹಿಂದೆ ಸರಿಯಬೇಕಾದ ಅಗತ್ಯವೇ ಇಲ್ಲ. ಎತ್ತರದವನಿಗೆ ಅನಿವಾರ್ಯವಾದ ಪಾಠವನ್ನು ಅವಳಿಗೆ ಹಾಗೇ ಒಪ್ಪಿಸಿ ನಾವು ಅವಳ ಸಹಜ ಲಾಭವನ್ನು ಕಿತ್ತುಕೊಳ್ಳುತ್ತಿದ್ದೇವೆ.

ಹಾಗೆಂದು ಎತ್ತರದವರಿಗೆ ಎಲ್ಲವೂ ಸಲೀಸೆಂದು ತಿಳಿಯಬೇಡಿ. ಉದ್ದನೆಯ ಕಾಲೇ ಸೈಕಲ್ಲಿನ ಅತಿ ದೊಡ್ಡ ಸಸ್ಪೆನ್ಶನ್, ಒಪ್ಪುತ್ತೇನೆ. ಮುಂದಿನ ಫೋರ್ಕ್ ಹತ್ತರಿಂದ ಹದಿನಾರು ಸೆಂ.ಮೀ. ಕುಗ್ಗಿದರೆ ಕಾಲು ಅದರ ಎರಡು ಮೂರು ಪಟ್ಟು ಮಡಚಿಕೊಳ್ಳಬಲ್ಲದು. ಎತ್ತರದವರು ಒರಟು ದಾರಿಯಲ್ಲಿ ತೇಲಿಹೋದಂತೆ ಕಾಣುವುದು ಅದಕ್ಕೇ. ಆದರೆ ಅನೇಕ ಕಂಪನಿಗಳು ಫ್ರೇಮನ್ನು ದೊಡ್ಡದು ಮಾಡುವಾಗ ಮುಂಭಾಗವನ್ನಷ್ಟೇ ಉದ್ದ ಮಾಡಿ, ಬಿಬಿಯಿಂದ ಹಿಂಚಕ್ರದ ಅಚ್ಚಿನವರೆಗಿನ ದೂರವನ್ನು ಎಲ್ಲ ಅಳತೆಗೂ ಒಂದೇ ಇಟ್ಟವು. ಸೀಟನ್ನು ತೀರಾ ಮೇಲೆತ್ತಿದ ಆರಡಿಯವನು ಕಡಿದಾದ ಏರಿನಲ್ಲಿ ಹೆಚ್ಚುಕಡಿಮೆ ಹಿಂಚಕ್ರದ ಮೇಲೆಯೇ ಕೂತಂತಾಗಿ, ಮುಂಚಕ್ರ ನೆಲ ಬಿಟ್ಟು ಏಳುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ಇದನ್ನು ಸರಿಪಡಿಸಿದ್ದಾರೆ. ಹಳೆಯ ಸೈಕಲ್ ಕೊಟ್ಟ ಎತ್ತರದ ಹುಡುಗ ಏರಿನಲ್ಲಿ ಅಡ್ಡಾದಿಡ್ಡಿ ಹೋಗುತ್ತಿದ್ದರೆ ಅವನ ಕಾಲಿನ ಶಕ್ತಿಯನ್ನು ಬೈಯುವ ಮೊದಲು ಸೀಟನ್ನು ಹಳಿಯ ಮೇಲೆ ಸ್ವಲ್ಪ ಮುಂದಕ್ಕೆ ತಳ್ಳಿ ನೋಡಿ.

ಏರಿನ ಮಾತು ಬಂತು. ಗಿಡ್ಡವರು ಹತ್ತುವುದರಲ್ಲಿ ಮುಂದು ಎನ್ನುವುದಕ್ಕೆ ಕಾರಣವಿದೆ. ಒಂದೇ ಮಾಟದ ಎರಡು ಮೈಗಳಲ್ಲಿ ಒಂದು ಇನ್ನೊಂದಕ್ಕಿಂತ ಹತ್ತನೇ ಒಂದು ಪಾಲು ಎತ್ತರವಿದ್ದರೆ ಅದರ ತೂಕ ಮೂರನೇ ಒಂದು ಪಾಲು ಜಾಸ್ತಿಯಾಗುತ್ತದೆ, ಆಮ್ಲಜನಕ ಬಳಸುವ ಶಕ್ತಿ ಐದನೇ ಒಂದು ಪಾಲಿನಷ್ಟು ಮಾತ್ರ ಏರುತ್ತದೆ. ಆದ್ದರಿಂದ ತೂಕಕ್ಕೆ ತಕ್ಕ ಶಕ್ತಿ ಸಣ್ಣ ಮೈಯಲ್ಲಿ ಹೆಚ್ಚು. ಆದರೆ ಈ ಲಾಭವನ್ನು ನಮ್ಮ ಮಕ್ಕಳಿಗೆ ಕೊಡುವ ಸೈಕಲ್ಲೇ ತಿಂದುಹಾಕುತ್ತದೆ. ಕಡಿಮೆ ಬೆಲೆಯ ಎಂಟಿಬಿಗಳು ಹದಿನಾಲ್ಕು ಕೆ.ಜಿ.ಯ ಸುತ್ತಮುತ್ತ ತೂಗುತ್ತವೆ. 80 ಕೆ.ಜಿ. ಸವಾರನಿಗೆ ಅದು ಅವನ ತೂಕದ ಆರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು, 48 ಕೆ.ಜಿ. ಹುಡುಗಿಗೆ ಶೇ. 29. ಅದನ್ನು ಅವಳು ಬರೀ ಹತ್ತಿಸುವುದಲ್ಲ, ಬಂಡೆಯ ಮೇಲೆ ಮುಂಚಕ್ರ ಎತ್ತಿಡಬೇಕು, ತಿರುವಿನಲ್ಲಿ ವಾಲಿಸಬೇಕು, ಬಿದ್ದರೆ ಎಬ್ಬಿಸಬೇಕು. ಇಬ್ಬರಿಗೂ ಒಂದೇ ತೂಕದ ಸೈಕಲ್ ಕೊಟ್ಟು ಅವಳ ಮುಂಚಕ್ರ ಏಳುವುದಿಲ್ಲವೆಂದರೆ ಅದು ಅವಳ ಕೊರತೆ ಹೇಗಾಗುತ್ತದೆ?

ಫೋರ್ಕ್‌ನ ವಿಷಯವೂ ಹೀಗೇ. ಕಡಿಮೆ ಬೆಲೆಯ ಸೈಕಲ್ಲಿನ ಶಾಕಪ್ ಒಳಗಿರುವುದು ಲೋಹದ ಸ್ಪ್ರಿಂಗು, ಸಾಧಾರಣ ವಯಸ್ಕನ ತೂಕಕ್ಕೆಂದು ಮಾಡಿದ್ದು. ನಲವತ್ತು ಕೆ.ಜಿ.ಯ ಮಗು ಅದರ ಮೇಲೆ ನಿಂತರೆ ಅದು ಅಲ್ಲಾಡುವುದೇ ಕಷ್ಟ. ಅಷ್ಟು ತೂಕದ ಕಬ್ಬಿಣವನ್ನು ಮಗು ಸುಮ್ಮನೆ ಹೊತ್ತು ತಿರುಗುತ್ತಿರುತ್ತದೆ. ಟಯರಿನ ಗಾಳಿಯೂ ಅಷ್ಟೇ. ಪಂಕ್ಚರ್ ಆಗದಿರಲೆಂದು ಅಂಗಡಿಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ತುಂಬಿಸಿ ಕಳಿಸುತ್ತಾರೆ. ಭಾರದ ಸವಾರನಿಗೆ ಸರಿಹೋಗುವ ಗಾಳಿಯಲ್ಲಿ ಹಗುರ ಸವಾರಳ ಟಯರು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಹಿಡಿತವೇ ಸಿಗುವುದಿಲ್ಲ. "ಸೈಕಲ್ ನನ್ನ ಮಾತು ಕೇಳ್ತಿಲ್ಲ ಸರ್" ಎಂದು ಮಗು ಹೇಳಿದರೆ ಅದನ್ನು ನೆಪವೆಂದು ತಿಳಿಯಬೇಡಿ. ಅದು ನಿಖರವಾದ ವರದಿ.

ಮತ್ತೆ ಬ್ರೇಕು. ನನ್ನ ಪ್ರಕಾರ ಹೊಸ ಸವಾರರ ಅರ್ಧ ಭಯ ಇರುವುದು ಇಲ್ಲಿ. ಚಿಕ್ಕ ಕೈಯ ಮಗುವಿಗೆ ಬ್ರೇಕ್ ಲಿವರ್ ಎಟುಕಬೇಕಾದರೆ ಹ್ಯಾಂಡಲ್ ಹಿಡಿತವನ್ನೇ ಸಡಿಲಿಸಬೇಕಾಗುತ್ತದೆ. ನಿಲ್ಲಿಸಲು ಹೋದರೆ ಹಿಡಿತ ಹೋಗುತ್ತದೆ, ಹಿಡಿದುಕೊಂಡರೆ ನಿಲ್ಲಿಸಲಾಗುವುದಿಲ್ಲ. ಹಾಗಿದ್ದೂ ಇಳಿಜಾರಿಗೆ ಇಳಿಯುವ ಮಗುವನ್ನು ಪುಕ್ಕಲು ಎನ್ನುವುದು ಅನ್ಯಾಯ. ಬಹಳಷ್ಟು ಲಿವರ್‌ಗಳಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅಲೆನ್ ಕೀ ಹಾಕಿ ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಎರಡು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಹ್ಯಾಂಡಲ್‌ಬಾರನ್ನೂ ಹಾಗೇ ನೋಡಿ. ಈಗಿನ ಎಂಟಿಬಿ ಹ್ಯಾಂಡಲ್‌ಗಳು 740ರಿಂದ 800 ಮಿ.ಮೀ.ವರೆಗೂ ಅಗಲ. ಅಗಲ ಭುಜದ ಗಂಡಸರಿಗೆ ಸರಿಯಾದ ಆ ಅಗಲದಲ್ಲಿ ಕಿರಿದಾದ ಭುಜದವಳು ಕೈ ಚಾಚಿದರೆ ಮೊಣಕೈ ಬಗ್ಗಿಸಲು ಏನೂ ಉಳಿದಿರುವುದಿಲ್ಲ. ಹಿಡಿಕೆಯನ್ನು ಒಳಕ್ಕೆ ಸರಿಸಿ ಒಂದೆರಡು ದಿನ ಓಡಿಸಿ ನೋಡಿ, ಸರಿಯೆನಿಸಿದರೆ ಎರಡೂ ತುದಿಯನ್ನು ಸಮವಾಗಿ ಕತ್ತರಿಸಿ.

ಪೆಡಲಿನ ಕ್ರ್ಯಾಂಕ್ ಉದ್ದ ಕಡಿಮೆ ಮಾಡಿದರೆ ಶಕ್ತಿ ಹೋಗುತ್ತದೆಂದು ನಿಮ್ಮಲ್ಲಿ ಹಲವರು ಹೆದರುತ್ತೀರಿ. 2001ರಲ್ಲಿ ಜೇಮ್ಸ್ ಮಾರ್ಟಿನ್ ಮತ್ತು ಸ್ಪಿರ್ಡುಸೊ ಪ್ರಕಟಿಸಿದ ಅಧ್ಯಯನದಲ್ಲಿ 120 ಮಿ.ಮೀ.ನಿಂದ 220 ಮಿ.ಮೀ.ವರೆಗಿನ ಕ್ರ್ಯಾಂಕ್‌ಗಳನ್ನು ತುಳಿಸಿ ನೋಡಿದ್ದರು. ಅಷ್ಟು ವ್ಯತ್ಯಾಸದ ಉದ್ದಗಳಲ್ಲೂ ಗರಿಷ್ಠ ಶಕ್ತಿ ಬದಲಾದದ್ದು ಶೇ. 4ರಷ್ಟು ಮಾತ್ರ, 145ರಲ್ಲೂ 170ರಲ್ಲೂ ಶಕ್ತಿ ಚೆನ್ನಾಗಿಯೇ ಇತ್ತು. ಹಾಗಾಗಿ ಗಿಡ್ಡ ಕಾಲಿನವಳಿಗೆ 165 ಅಥವಾ 160 ಹಾಕಿಸಲು ಅಂಜಬೇಕಾಗಿಲ್ಲ. ಮೊಣಕಾಲು ಎದೆಗೆ ಬಡಿಯುವುದು ತಪ್ಪುತ್ತದೆ, ಪೆಡಲು ಕಲ್ಲಿಗೆ ತಾಗುವುದೂ ಕಡಿಮೆಯಾಗುತ್ತದೆ.

ಇನ್ನು ಫ್ರೇಮಿಗೆ ಬರುತ್ತೇನೆ. ಇದರಲ್ಲಿ ನಮ್ಮ ಅಂಗಡಿ, ನಮ್ಮ ಮನೆ, ನಮ್ಮ ಅಭ್ಯಾಸ ಎಲ್ಲವೂ ಸೇರಿಕೊಂಡಿವೆ. ಸೈಕಲ್ ಅಂಗಡಿಗೆ ಹೋದರೆ ಮೊದಲು ಕೇಳುವುದು "ಇಪ್ಪತ್ತಾರೋ, ಇಪ್ಪತ್ತೇಳೂವರೆಯೋ, ಇಪ್ಪತ್ತೊಂಬತ್ತೋ?" ಎಂದು. ಅದು ಚಕ್ರದ ಅಳತೆ. ಸವಾರನ ಮೈಗೆ ಹೊಂದಬೇಕಾದದ್ದು ಫ್ರೇಮ್. ಒಂದೇ 29ರ ಚಕ್ರಕ್ಕೆ ಚಿಕ್ಕ ಫ್ರೇಮೂ ಇರಬಹುದು, ದೊಡ್ಡದೂ ಇರಬಹುದು. ನಮ್ಮ ಮಾರುಕಟ್ಟೆಯ ಎಷ್ಟೋ ಅಗ್ಗದ ಮಾದರಿಗಳು ಒಂದೇ ಫ್ರೇಮ್ ಅಳತೆಯಲ್ಲಿ ಬರುತ್ತವೆ. ಊರಿಗೆಲ್ಲ ಎಂಟನೇ ನಂಬರಿನ ಬೂಟೊಂದನ್ನೇ ಮಾರಿದ ಹಾಗೆ. ತಂದೆತಾಯಿ "ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ" ಎನ್ನುತ್ತಾರೆ. ಅವರ ಕಷ್ಟ ನನಗೆ ಗೊತ್ತು, ಎರಡು ವರ್ಷಕ್ಕೊಂದು ಸೈಕಲ್ ಕೊಡಿಸುವ ಶಕ್ತಿ ಎಷ್ಟು ಮನೆಗಿದೆ? ಆದರೆ ಅದರ ಬೆಲೆಯನ್ನು ಮಗು ಇಳಿಜಾರಿನಲ್ಲಿ ತೆರುತ್ತದೆ.

ಈ ಅಭ್ಯಾಸದ ಬೇರು ಹಳೆಯದು. ನಮ್ಮಲ್ಲಿ ಎರಡು ಮೂರು ತಲೆಮಾರು ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡದಂಡದ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದೇ ಸವಾರಿ ಕಲಿತದ್ದು. ಆ ಕಲಿಕೆಯಲ್ಲಿ ಜಾಣತನವಿತ್ತು: ಸೀಟಿಗೆ ಎಟುಕದ ಮಗು ನಿಂತೇ ತುಳಿಯುತ್ತಿತ್ತು, ತನ್ನ ಮೈಯನ್ನು ಒಂದು ಕಡೆಗೆ, ಸೈಕಲ್ಲನ್ನು ಇನ್ನೊಂದು ಕಡೆಗೆ ವಾಲಿಸಿ ತೂಕ ಸರಿದೂಗಿಸುತ್ತಿತ್ತು. ಸೈಕಲ್ಲನ್ನು ಮೈಯಿಂದ ಬೇರ್ಪಡಿಸಿ ವಾಲಿಸುವುದೇ ಇವತ್ತು ನೀವು ತಿರುವಿನಲ್ಲಿ ಕಲಿಸುವ ಮುಖ್ಯ ಪಾಠ. ಅವರು ಅದನ್ನು ಅನಿವಾರ್ಯಕ್ಕೆ ಕಲಿತರು. ಆದರೆ ಅದು ಸಮನಾದ ಮಣ್ಣುರಸ್ತೆಯ ಕಲಿಕೆ. ಗುಡ್ಡದ ಮೇಲೆ ಹಠಾತ್ತಾಗಿ ಕಾಲು ಕೆಳಗಿಡಬೇಕಾದಾಗ ಅಡ್ಡದಂಡಕ್ಕೂ ಮೈಗೂ ನಡುವೆ ಅಂತರವಿಲ್ಲದಿದ್ದರೆ ಪೆಟ್ಟು ಎಲ್ಲಿ ಬೀಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. "ನಾವೆಲ್ಲ ದೊಡ್ಡ ಸೈಕಲ್‌ನಲ್ಲೇ ಕಲಿಯಲಿಲ್ಲವೇ" ಎನ್ನುವ ಹಿರಿಯರಿಗೆ ನಾನು ಗೌರವದಿಂದಲೇ ಹೇಳುವುದು ಇದನ್ನು.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ಥಿತಿ ಇನ್ನೂ ಕಠಿಣ. ಭಾರತದ ವಯಸ್ಕ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ. ಅನೇಕ ಕಂಪನಿಗಳ ಪಟ್ಟಿಯಲ್ಲಿ "ಸ್ಮಾಲ್" ಫ್ರೇಮ್ ಶುರುವಾಗುವುದೇ 155ರ ಆಸುಪಾಸಿಗೆ. ನಮ್ಮ ಅರ್ಧಕ್ಕಿಂತ ಹೆಚ್ಚು ಹೆಂಗಸರು ಆ ಪಟ್ಟಿಯ ಮೊದಲ ಸಾಲಿಗೂ ಕೆಳಗಿದ್ದಾರೆ. ಅದಕ್ಕಿಂತ ಚಿಕ್ಕ ಫ್ರೇಮುಗಳು ಇಲ್ಲವೆಂದಲ್ಲ, ಇಲ್ಲಿನ ಅಂಗಡಿಯ ಗೋಡೆಯ ಮೇಲೆ ಅವು ಕಾಣುವುದು ಅಪರೂಪ. ಇದು ಬದಲಾಗದ ಸಂಗತಿಯೇನೂ ಅಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ಜಾರ್ಜೀನಾ ಟೆರ್ರಿ 1985ರಲ್ಲಿ ಹೆಂಗಸರಿಗೆಂದೇ ರಸ್ತೆ ಸೈಕಲ್ ಕಂಪನಿ ತೆರೆದಾಗ, ಗಿಡ್ಡ ಸವಾರರಿಗಾಗಿ ಹಿಂದೆ ದೊಡ್ಡ ಚಕ್ರ, ಮುಂದೆ 24 ಇಂಚಿನ ಚಿಕ್ಕ ಚಕ್ರ ಹಾಕಿದರು. ಚಕ್ರಕ್ಕಾಗಿ ಫ್ರೇಮನ್ನು ಹಿಗ್ಗಿಸುವ ಬದಲು ಮೈಗಾಗಿ ಚಕ್ರವನ್ನು ಕುಗ್ಗಿಸಿದರು. ಮೌಂಟನ್ ಬೈಕಿನಲ್ಲಿ ಈಗ ಇದರ ತಿರುವುಮುರುವು ನಡೆಯುತ್ತಿದೆ: ಮುಂದೆ 29, ಹಿಂದೆ ಇಪ್ಪತ್ತೇಳೂವರೆ. ಬೇರೆ ಬೇರೆ ಅಳತೆಯ ಚಕ್ರಗಳಿಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2019ರಿಂದ ಸ್ಪರ್ಧೆಯಲ್ಲಿ ಅವಕಾಶ ಕೊಟ್ಟಿತು. ಅದೇ ವರ್ಷ ಫ್ರಾನ್ಸಿನ ಲೊಯಿಕ್ ಬ್ರೂನಿ ಅಂಥ ಸೈಕಲ್ ಮೇಲೆ ಡೌನ್‌ಹಿಲ್ ವಿಶ್ವಚಾಂಪಿಯನ್ ಆದ. ಹಿಂಚಕ್ರ ಚಿಕ್ಕದಾದ್ದರಿಂದ ಹಿಂದೆ ಸುಮಾರು ನಾಲ್ಕು ಸೆಂ.ಮೀ. ಜಾಗ ಸಿಗುತ್ತದೆ. ಮೊದಲೇ ಹೇಳಿದ, 28 ಸೆಂ.ಮೀ. ಜಾಗವಷ್ಟೇ ಉಳಿಯುವ ಹುಡುಗಿಗೆ ಆ ನಾಲ್ಕು ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ. ಆದರೆ ಎಲ್ಲ ಫ್ರೇಮಿಗೂ ಇದು ಹೊಂದುವುದಿಲ್ಲ, ಬಿಬಿ ಕೆಳಗಿಳಿದು ಪೆಡಲು ನೆಲಕ್ಕೆ ತಾಗಬಹುದು. ಹಾಕಿಸುವ ಮುನ್ನ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.

ಹಣವಿದ್ದಲ್ಲಿ ಗಿಡ್ಡ ಸವಾರರಿಗೆ ನಾನು ಮೊದಲು ಕೊಡಿಸುವುದು ಡ್ರಾಪರ್ ಪೋಸ್ಟ್, ಅಂದರೆ ಓಡಿಸುತ್ತಲೇ ಗುಂಡಿ ಒತ್ತಿ ಸೀಟು ಇಳಿಸುವ ಕೊಳವೆ. ಇಳಿಜಾರಿನಲ್ಲಿ ಸೀಟು ಕೆಳಗೆ ಹೋದರೆ ಕಾಲು ನೆಲಕ್ಕೆ ಎಟುಕುತ್ತದೆ, ಮೈಗೆ ಆಡಲು ಜಾಗ ಸಿಗುತ್ತದೆ. ಹಣವಿಲ್ಲದಿದ್ದರೆ ಇಳಿಜಾರಿನ ಮೊದಲು ನಿಲ್ಲಿಸಿ ಸೀಟಿನ ಕ್ಲಾಂಪ್ ಸಡಿಲಿಸಿ ಇಳಿಸುವ ರೂಢಿ ಮಾಡಿಸಿ.

ಇಷ್ಟೆಲ್ಲದರ ನಂತರ ನನ್ನ ಮುಖ್ಯ ಕೋರಿಕೆ ಆಯ್ಕೆಯ ದಿನದ್ದು. ಶಿಬಿರಗಳಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಳ್ಳುವುದು ರೂಢಿ. ಬರೆದುಕೊಳ್ಳಿ, ಅದು ಬೇಕು. ಆದರೆ ಹದಿಮೂರರ ಹುಡುಗನ ಎತ್ತರ ಅವನ ಮುಂದಿನ ಎತ್ತರವನ್ನೂ ಹೇಳುವುದಿಲ್ಲ, ಅವನ ಸಾಮರ್ಥ್ಯವನ್ನೂ ಹೇಳುವುದಿಲ್ಲ. ಹೆಣ್ಣುಮಕ್ಕಳು ಹನ್ನೆರಡರ ಸುಮಾರಿಗೆ, ಗಂಡುಮಕ್ಕಳು ಹದಿನಾಲ್ಕರ ಸುಮಾರಿಗೆ ಅತಿ ವೇಗವಾಗಿ ಬೆಳೆಯುತ್ತಾರೆ. ಆ ವರ್ಷದಲ್ಲಿ ಹುಡುಗನೊಬ್ಬ ಒಂಬತ್ತು ಹತ್ತು ಸೆಂ.ಮೀ. ಎದ್ದುಬಿಡಬಹುದು. ಈ ಬೆಳವಣಿಗೆ ಕೆಲವರಿಗೆ ಎರಡು ವರ್ಷ ಮುಂಚೆ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡವಾಗಿ. ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬ ಈಗಾಗಲೇ ಗಂಡಸಿನಂತಿರುತ್ತಾನೆ, ಇನ್ನೊಬ್ಬ ಇನ್ನೂ ಮಗುವೇ. ಮೊದಲನೆಯವನನ್ನು ಆರಿಸಿಕೊಂಡಾಗ ನೀವು ಆರಿಸಿದ್ದು ಪ್ರತಿಭೆಯನ್ನೋ, ಮುಂಚೆ ಬಂದ ಬೆಳವಣಿಗೆಯನ್ನೋ ಎಂದು ಗೊತ್ತಾಗುವುದು ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ಎರಡನೆಯವನು ಸೈಕಲ್ ಬಿಟ್ಟಿರುತ್ತಾನೆ.

ಹೀಗೆ ಬೆಳೆಯುತ್ತಿರುವ ಮಕ್ಕಳಲ್ಲಿ ಇನ್ನೊಂದನ್ನು ನೀವು ಕಂಡಿರುತ್ತೀರಿ. ಕಳೆದ ವರ್ಷ ಕಿರಿದಾದ ಬಂಡೆಯ ಮೇಲೆ ಲೀಲಾಜಾಲವಾಗಿ ಹೋಗುತ್ತಿದ್ದವನು ಈ ವರ್ಷ ತಡವರಿಸುತ್ತಾನೆ. ಕಾಲು ಉದ್ದವಾಗಿದೆ, ತೂಕದ ಕೇಂದ್ರ ಮೇಲೆ ಹೋಗಿದೆ, ಅವನ ಮೈ ಅವನಿಗೇ ಹೊಸದು. ಈ ತಿಂಗಳುಗಳಲ್ಲಿ ಅವನಿಗೆ ಬೇಕಾದ್ದು ತಾಳ್ಮೆ, ಸೀಟು ಹ್ಯಾಂಡಲ್‌ಗಳ ಮರುಹೊಂದಾಣಿಕೆ, ಸುಲಭದ ದಾರಿಯಲ್ಲಿ ಹಳೆಯ ಪಾಠಗಳ ಪುನರಾವರ್ತನೆ. "ಗಮನ ಎಲ್ಲೋ ಹೋಗಿದೆ" ಎಂಬ ಬೈಗುಳ ಅಲ್ಲ.

ಆದ್ದರಿಂದ ನಿಮ್ಮ ದಾಖಲೆಯ ಹಾಳೆಯಲ್ಲಿ ಎತ್ತರದ ಪಕ್ಕ ಇನ್ನು ಕೆಲವು ಕಾಲಂ ಹಾಕಿ ಎಂದು ಕೇಳುತ್ತೇನೆ: ಕಾಲಿನ ಉದ್ದ, ಕೂತಾಗಿನ ಎತ್ತರ, ತೋಳು ಚಾಚಿದ ಅಗಲ, ಹುಟ್ಟಿದ ತಿಂಗಳು. ಮೂರು ತಿಂಗಳಿಗೊಮ್ಮೆ ಅಳೆಯಿರಿ, ಒಂದೇ ಸಂಖ್ಯೆಯ ಬದಲು ಬೆಳವಣಿಗೆಯ ಓಟ ಕಾಣುತ್ತದೆ. ಪಕ್ಕದಲ್ಲೇ ಆ ಮಗು ಓಡಿಸುವ ಸೈಕಲ್ಲಿನ ಅಳತೆಯನ್ನೂ ಬರೆಯಿರಿ: ಫ್ರೇಮ್, ಕ್ರ್ಯಾಂಕ್, ಹ್ಯಾಂಡಲ್ ಅಗಲ, ಟಯರಿನ ಗಾಳಿ. ಎರಡನ್ನೂ ಅಕ್ಕಪಕ್ಕ ಓದಿದ ಮೇಲೆ ಮಗುವಿನ ಬಗ್ಗೆ ತೀರ್ಮಾನಕ್ಕೆ ಬನ್ನಿ.

2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲೇ ನಡೆಯಿತು. ನಮ್ಮ ನೆಲದಲ್ಲಿ ಈ ಆಟಕ್ಕೆ ಗುಡ್ಡವೂ ಇದೆ, ಮಕ್ಕಳೂ ಇದ್ದಾರೆ, ನೀವೂ ಇದ್ದೀರಿ. ಕ್ರೀಡಾ ಇಲಾಖೆಯ, ಸಂಘಗಳ ಖರೀದಿಯ ಪಟ್ಟಿ ಬರುವಾಗ ನಿಮ್ಮ ಅಭಿಪ್ರಾಯ ಕೇಳಿದರೆ ಹತ್ತೂ ಸೈಕಲ್ ಒಂದೇ ಅಳತೆಯಲ್ಲಿ ಬೇಡವೆಂದು ಬರೆದುಕೊಡಿ. ಎರಡಾದರೂ ಅತಿ ಚಿಕ್ಕ ಫ್ರೇಮ್, ಒಂದಾದರೂ ದೊಡ್ಡದು, ಜೊತೆಗೆ ಬೇರೆ ಬೇರೆ ಉದ್ದದ ಕೆಲವು ಸ್ಟೆಮ್, 160 ಮತ್ತು 165ರ ಕ್ರ್ಯಾಂಕ್ ಇರಲಿ ಎಂದು ಕೇಳಿ. ಇವು ಮಗು ಬದಲಾದರೂ ಮತ್ತೊಂದು ಮಗುವಿಗೆ ಆಗುತ್ತವೆ. ನಿಮ್ಮ ಕೇಂದ್ರದಲ್ಲಿ ಅಳತೆ ಹೊಂದದೆ ಮೂಲೆ ಸೇರಿದ ಚಿಕ್ಕ ಫ್ರೇಮ್ ಇದ್ದರೆ ಪಕ್ಕದ ಜಿಲ್ಲೆಯವರಿಗೆ ಹೇಳಿ. ವಿಜಯಪುರದಲ್ಲಿ ಬಳಸದ ಸೈಕಲ್ಲಿಗೆ ಗದಗದಲ್ಲಿ ಒಬ್ಬ ಹುಡುಗಿ ಕಾದಿರಬಹುದು. ಈ ಹಂಗಾಮು ಶುರುವಾಗುವ ಮೊದಲು ಒಂದು ದಿನ ಎಲ್ಲ ಮಕ್ಕಳನ್ನೂ ಅವರವರ ಸೈಕಲ್ ಜೊತೆ ನಿಲ್ಲಿಸಿ ಅಳೆಯುವುದರಿಂದಲೇ ತರಬೇತಿ ಆರಂಭಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಲೆನ್ ಕೀ ಹಿಡಿದು ನಾನೂ ಬಂದು ಕೂರುತ್ತೇನೆ.

ಇಂತಿ,
ಗುಡ್ಡದ ದಾರಿಯ ಒಬ್ಬ ಸವಾರಳು